ಪ್ರವಚನದ ನಡುವೆ ಎದ್ದು ನಿಂತವರು

ಸಾವಿನ ವಿಧಿಗಳನ್ನು ಇಂಟರ್‌ನೆಟ್ಟಿನಲ್ಲಿ ಲೈವ್ ಮಾಡುವ ನಮ್ಮಂಥವರಿಗೆ ಒಂದು ನಿಯಮವಿದೆ. ಅಳು ಜೋರಾದರೆ ಧ್ವನಿ ಇಳಿಸಬೇಕು, ಚಿತ್ರವನ್ನು ಬಲಿಪೀಠದ ಕಡೆಗೆ ಬದಲಿಸಬೇಕು. ಇದನ್ನು ಯಾರೂ ಕಲಿಸಿದ್ದಲ್ಲ, ಬೈಸಿಕೊಂಡು ಕಲಿತದ್ದು. ಹಿಂದೊಮ್ಮೆ ಒಬ್ಬ ವಿಧವೆಯ ಗೋಳಾಟ ಇದ್ದ ಹಾಗೆ ಹೋಗಿ, ದುಬೈಯಲ್ಲಿ ಕೂತು ನೋಡುತ್ತಿದ್ದ ಮಗ ಫೋನು ಮಾಡಿ ನನ್ನ ಜನ್ಮ ಜಾಲಾಡಿದ್ದ. ಅಂದಿನಿಂದ ಇಗರ್ಜಿಯ, ಅಂದರೆ ಚರ್ಚಿನ, ಮುಂದಿನ ಸಾಲಿನಲ್ಲಿ ಯಾರಾದರೂ ತಡಬಡಿಸಿ ಎದ್ದರೆ ಸಾಕು, ನನ್ನ ಬೆರಳು ತಾನಾಗಿ ಗುಂಡಿಯ ಮೇಲೆ ಹೋಗುತ್ತದೆ.

ಈ ಬೆರಳಿನಿಂದಾಗಿಯೇ ಒಂದು ಮಳೆಗಾಲವಿಡೀ ನನ್ನ ತಲೆ ಚಿಟ್ಟು ಹಿಡಿಯಿತು.

ಸತ್ತದ್ದು ನಾಲ್ಕನೇ ಕ್ಲಾಸಿನ ಹುಡುಗಿ. ಡೆಂಗ್ಯೂ. ಬಜಪೆಯ ಕಡೆಯ ಕ್ರಿಸ್ತುವ ಮನೆ. ತಂದೆ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದರು, ಹಡಗು ನಡುಕಡಲಿನಲ್ಲಿತ್ತು. ಅದು ದಡ ಮುಟ್ಟುವವರೆಗೆ ಮಗುವನ್ನು ಶೈತ್ಯಾಗಾರದಲ್ಲಿ ಇಡುವುದು ಬೇಡವೆಂದು ತಾಯಿ ಹೇಳಿದರಂತೆ. ನನಗೆ ಫೋನು ಮಾಡಿದವರು ತಂದೆಯ ಅಣ್ಣ. ನಾವು ತುಳುವರು ಕ್ರಿಸ್ತುವ ಗೃಹಸ್ಥರನ್ನು ಪೊರ್ಬುಗಳು ಎನ್ನುತ್ತೇವೆ, ಹೆಂಗಸರನ್ನು ಬಾಯಿ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ: ಪೊರ್ಬುಗಳು ಎಂದರೆ ಈ ಅಣ್ಣ, ಬಾಯಿ ಎಂದರೆ ಹುಡುಗಿಯ ತಾಯಿ.

"ತಮ್ಮ ಹಡಗಿನಲ್ಲೇ ನೋಡ್ಬೇಕಷ್ಟೆ," ಎಂದರು ಪೊರ್ಬುಗಳು. "ಬೇರೆ ಯಾರು ನೋಡಿದ್ರೂ ಬಿಟ್ರೂ ಅಡ್ಡಿಲ್ಲ. ಅವನಿಗೆ ಒಂದು ಚೂರೂ ಕಟ್ ಆಗ್ಬಾರ್ದು."

ಆ ದಿನ ಜಡಿಮಳೆ. ನಾನೂ ನನ್ನ ಭಾವಮೈದನೂ ಪಡೀಲಿನಿಂದ ಬೆಳಿಗ್ಗೆಯೇ ಹೊರಟೆವು. ಇಗರ್ಜಿಯೊಳಗೆ ಒಂದು ಕಂಪನಿಯ ಸಿಮ್ಮಿಗೆ ನೆಟ್‌ವರ್ಕ್ ಇಲ್ಲ, ಇನ್ನೊಂದಕ್ಕೆ ಇದ್ದೂ ಇಲ್ಲದ ಹಾಗೆ. ಎರಡನ್ನೂ ಕಿಟಕಿಯ ಸರಳಿಗೆ ಕಟ್ಟಿ ಜೋಡಿಸಿದೆ. ಇಗರ್ಜಿಯ ಮೈಕಿನ ಲೈನು ತೆಗೆದುಕೊಂಡರೆ ಗುಂಯ್ ಎನ್ನುತ್ತಿತ್ತು. ಅರ್ತಿಂಗ್ ಸರಿ ಇಲ್ಲ. ಯಾವ ಇಗರ್ಜಿಯಲ್ಲಿ ಸರಿ ಇದೆ? ಆ ಲೈನಿನಲ್ಲಿ ಬರುವುದು ಬಲಿಪೀಠದ ಮಾತು ಮಾತ್ರ. ಹಾಡು, ಪ್ರಾರ್ಥನೆಯ ಉತ್ತರ ಎಲ್ಲ ಬರಬೇಕಾದರೆ ಜನರ ಹತ್ತಿರ ನಮ್ಮದೇ ಮೈಕು ಬೇಕು. ಅದನ್ನು ಶವಪೆಟ್ಟಿಗೆಯ ಪಕ್ಕದ ಕ್ಯಾಮರಾಕ್ಕೆ ಸಿಕ್ಕಿಸಿ, ಭಾವಮೈದನನ್ನು ಅಲ್ಲಿ ನಿಲ್ಲಿಸಿ, ನಾನು ಹಿಂದೆ ಕಂಬದ ಮರೆಯಲ್ಲಿ ಮೇಜು ಹಾಕಿ ಕೂತೆ.

ಪ್ರವಚನ ಕೊಂಕಣಿಯಲ್ಲಿ. ಹೆಡ್‌ಫೋನಿನಲ್ಲಿ ಕೇಳಿ ಕೇಳಿಯೇ ನಾನು ಕೊಂಕಣಿ ಕಲಿತವನು. ಅದರಲ್ಲೂ ಸಾವಿನ ಕೊಂಕಣಿ ಚೆನ್ನಾಗಿ ಬರುತ್ತದೆ. ವಿಗಾರ್ ಫಾದರ್, ಅಂದರೆ ಇಗರ್ಜಿಯ ಮುಖ್ಯ ಪಾದ್ರಿ, ವಯಸ್ಸಾದವರು, ಒಳ್ಳೆಯವರು. ಅವರು ಸುರು ಮಾಡಿದಾಗಲೇ ಎಲ್ಲಿಗೆ ಹೋಗುತ್ತಾರೆಂದು ಗೊತ್ತಾಯಿತು. ದೇವರಿಗೊಂದು ತೋಟ, ತೋಟದಲ್ಲಿ ಹೂಗಳು, ಮಾಲಿಗೆ ಬೇಕಾದದ್ದನ್ನು ಮಾಲಿ ಕೊಯ್ದುಕೊಳ್ಳುತ್ತಾನೆ. ಮಕ್ಕಳು ಸತ್ತಾಗ ಹೂವು, ಪ್ರಾಯದವರು ಸತ್ತಾಗ ಎರವಲು ಕೊಟ್ಟ ಒಡವೆ, ಕಾಯಿಲೆ ಬಿದ್ದು ಸತ್ತರೆ ಬೆಂಕಿಗೆ ಹಾಕಿದ ಚಿನ್ನ. ಮುದುಕರಿಗೆ ಮಾತ್ರ ಏನೂ ಬೇಕಾಗುವುದಿಲ್ಲ. ಕೇಳಿ ಕೇಳಿ ನನಗೆ ಬಾಯಿಪಾಠ.

"ಆ ಹೂವು ಅವನಿಗೆ ಬೇಕಿತ್ತು, ಕೊಯ್ದುಕೊಂಡ," ಎಂದರು ಫಾದರ್. ಮುಂದಿನ ಸಾಲಿನಲ್ಲಿ ಬಾಯಿ ಎದ್ದು ನಿಂತರು.

ನನ್ನ ಬೆರಳು ಕೆಲಸ ಮಾಡಿತು. ಧ್ವನಿ ಇಳಿಯಿತು, ಚಿತ್ರ ಬಲಿಪೀಠಕ್ಕೆ ಹೋಯಿತು. ಆದರೆ ಇಳಿದದ್ದು ಹೊರಗೆ ಹೋಗುವ ಧ್ವನಿ ಮಾತ್ರ. ನನ್ನ ಕಿವಿಗೂ ರೆಕಾರ್ಡಿಂಗಿಗೂ ಪೂರ್ತಿ ಬರುತ್ತಲೇ ಇತ್ತು.

"ಸಾಕು ಫಾದರ್," ಎಂದರು ಬಾಯಿ. ಕೂಗಲಿಲ್ಲ. ಬಲಿಪೀಠದ ಕಡೆ ಕೈ ತೋರಿಸಿ ಹೇಳಿದರು. "ಕೊಯ್ದದ್ದು ಅವನಲ್ಲ. ಇದನ್ನು ಅವನ ತಲೆಗೆ ಕಟ್ಬೇಡಿ." ಆಮೇಲೆ ಹಿಂದಕ್ಕೆ ತಿರುಗಿ ಜನರನ್ನು ನೋಡಿದರು. "ಯಾರ ತಲೆಗೆ ಕಟ್ಬೇಕು ಅಂತ ಇಲ್ಲಿ ಎಲ್ರಿಗೂ ಗೊತ್ತುಂಟು." ಅಷ್ಟು ಹೇಳಿ ಕೂತರು. ಫಾದರ್ ಕನ್ನಡಕ ತೆಗೆದರು, ಒರೆಸಿದರು, ಪ್ರವಚನ ಅಲ್ಲಿಗೇ ಬಿಟ್ಟು ಪ್ರಾರ್ಥನೆಗೆ ಹೋದರು.

ಪರದೆಯ ಬದಿಯಲ್ಲಿ ಕಾಮೆಂಟುಗಳು ಹರಿಯುತ್ತಿದ್ದವು. ಕೈ ಮುಗಿದ ಚಿತ್ರ, ಕಣ್ಣೀರಿನ ಚಿತ್ರ, ನಡುವೆ 'ಆಡಿಯೋ ಇಲ್ಲ', 'ಸೌಂಡ್ ಹೋಯ್ತು'. ಸಾವಿನಲ್ಲೂ ಜನರಿಗೆ ಸೌಂಡಿನದ್ದೇ ಚಿಂತೆ ಎಂದು ಗೊಣಗಿಕೊಂಡು ಮತ್ತೆ ಏರಿಸಿದೆ.

ಮಣ್ಣು ಕೊಟ್ಟು ಬಂದ ಮೇಲೆ, ನಾನು ವಯರು ಸುತ್ತುತ್ತಿದ್ದಾಗ ಪೊರ್ಬುಗಳು ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು. "ರೆಕಾರ್ಡಿಂಗಿನಲ್ಲಿ ಆ ಭಾಗ ಬೇಡ. ಪೂರಾ ತೆಗೀರಿ. ಪಾಪ, ಅವಳಿಗೆ ತಲೆ ಸರಿ ಇಲ್ಲ ಈಗ," ಎಂದರು. ಆಯಿತು ಎಂದೆ. ತೆಗೆಯುವುದೇನು ಮಹಾ ಕೆಲಸ ಎಂದುಕೊಂಡೆ.

ಮಹಾ ಕೆಲಸವೇ ಆಯಿತು. ಬಾಯಿಯ ಮಾತು ತೆಗೆದರೆ ಫಾದರ್ 'ಕೊಯ್ದುಕೊಂಡ' ಎಂದವರು ಮರುಕ್ಷಣ ಕನ್ನಡಕವಿಲ್ಲದೆ ಬೇರೆಯೇ ಮುಖ ಹೊತ್ತು ಪ್ರಾರ್ಥನೆ ಸುರು ಮಾಡುತ್ತಾರೆ. ಯಾರು ನೋಡಿದರೂ ನಡುವೆ ಏನೋ ಆಗಿದೆಯೆಂದು ಗೊತ್ತಾಗುತ್ತದೆ. ಅದನ್ನು ಮುಚ್ಚಲು ಹೂಗುಚ್ಛದ ಚಿತ್ರ ಹಾಕಿದೆ, ಗಾಯನ ಮಂಡಳಿಯ ಹಾಡನ್ನು ಮೇಲೆ ಎಳೆದೆ. ಕಳಿಸಿದರೆ ಪೊರ್ಬುಗಳಿಗೆ ಸಾಲಲಿಲ್ಲ. ಫಾದರ್ ಹೇಳಿದ ಹೂವಿನ ಮಾತನ್ನು ಹುಡುಗಿಯ ಫೋಟೋದ ಕೆಳಗೆ ಅಕ್ಷರದಲ್ಲಿ ಹಾಕಬೇಕು. ಹಾಕಿದೆ. ಮೇಲಿನಿಂದ ಹೂವಿನ ದಳ ಉದುರಬೇಕು. ಉದುರಿಸಿದೆ. ಪಾರಿವಾಳ ಹಾರಬೇಕು. ಹಾರಿಸಿದೆ. ಪಾರಿವಾಳ ಮದುವೆ ವೀಡಿಯೋದ ಹಾಗೆ ಕಾಣುತ್ತದೆ, ಬೇಡ. ಅದು ಮದುವೆ ವೀಡಿಯೋದ್ದೇ ಪಾರಿವಾಳ, ನನ್ನ ಹತ್ತಿರ ಇರುವುದು ಅದೊಂದೇ! ತೆಗೆದೆ. ಪ್ರತಿ ಸಲವೂ ಎಲ್ಲ ಸೇರಿಸಿ ಹೊಸ ವೀಡಿಯೋ ಆಗಿ ರೆಂಡರ್ ಮಾಡಲು ಕಂಪ್ಯೂಟರನ್ನು ಬಿಟ್ಟು ಕಾಯಬೇಕು, ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಬೇಕು. ಬೇರೆ ಗಿರಾಕಿಗಳೆಲ್ಲ ಕಾದು ಕಾದು ಬೈಯುತ್ತಿದ್ದರು.

ಈ ನಡುವೆ ವಿಗಾರ್ ಫಾದರ್ ಫೋನು ಮಾಡಿದರು. ಬಾಯಿಯ ಮಾತು ಅಳಿಸಿ ಎಂದು ಇವರೂ ಹೇಳುತ್ತಾರೆಂದುಕೊಂಡು, ಅದು ಆಗಿದೆ ಫಾದರ್ ಎಂದುಬಿಟ್ಟೆ.

"ಅವಳದ್ದಲ್ಲ," ಎಂದರು. "ನಂದು. ನಾನು ಹೂವಿನದ್ದು ಹೇಳಿದ್ದುಂಟಲ್ಲ, ಅದನ್ನು ತೆಗೀಲಿಕ್ಕೆ ಆಗ್ತದಾ?"

ನನಗೆ ರೇಗಿತು. "ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕ್ಲಿಕ್ಕೆ ಮನೆಯವರು ಹೇಳಿದ್ದಾರೆ ಫಾದರ್. ಒಬ್ಬರು ಹಾಕು ಅಂತಾರೆ, ಒಬ್ಬರು ತೆಗಿ ಅಂತಾರೆ. ನಾನು ಎಂತ ಮಾಡುದು?"

"ಎಷ್ಟೋ ಮಕ್ಕಳ ಸಾವಿನಲ್ಲಿ ಅದನ್ನು ಹೇಳಿದ್ದೇನೆ," ಎಂದರು ಫಾದರ್. "ಯಾರೂ ಎದ್ದು ನಿಂತಿರ್ಲಿಲ್ಲ. ಸಮಾಧಾನ ಆಗ್ತಾ ಉಂಟು ಅಂತ ಎಣಿಸಿದ್ದೆ. ಅದು ಬಿಟ್ಟು ಬೇರೆ ಎಂತ ಹೇಳ್ಬೇಕು ಅಂತ ನನಗೂ ಗೊತ್ತಿಲ್ಲ ಮಾರಾಯ."

ಅವರನ್ನು ಬೈದು ಏನು ಪ್ರಯೋಜನ. ನಮ್ಮಲ್ಲಾದರೂ ಏನು ಭಾರೀ ಉತ್ತರ ಇದೆ? ನಮ್ಮ ಮನೆಯಲ್ಲಿ ಮಗು ಸತ್ತಿದ್ದರೆ ಜೋಯಿಸರಲ್ಲಿ ಪ್ರಶ್ನೆ ಇಡುತ್ತಿದ್ದೆವು. ನಾಗದೋಷವೋ, ದೈವಕ್ಕೆ ಹೇಳಿಕೊಂಡ ಹರಕೆ ಬಾಕಿಯೋ, ಏನಾದರೊಂದು ಹೊರಡುತ್ತಿತ್ತು. ಏನೂ ಸಿಗದಿದ್ದರೆ ಮಾಡಿದ್ದುಣ್ಣೋ ಮಹಾರಾಯ ಎಂದು ಕೈ ತೊಳೆದುಕೊಳ್ಳುವುದು. ನಾಲ್ಕನೇ ಕ್ಲಾಸಿನ ಹುಡುಗಿ ಅಂಥದ್ದೇನು ಮಾಡಿತ್ತು? ಯಾರ ಮನೆಯಲ್ಲಿ ನೋಡಿದರೂ ಹೆಣ ಎತ್ತುವ ಮೊದಲೇ ಮೇಲಿನವನ ಹೆಸರಿಗೆ ಬಿಲ್ ಹರಿದು ಆಗಿರುತ್ತದೆ. ನನಗೆ ಇದು ಮೊದಲಿನಿಂದಲೂ ಸಿಟ್ಟು ಬರಿಸುವ ವಿಷಯ. ಆದರೆ ಸಿಟ್ಟು ಮಾಡಿಕೊಂಡು ಹೆಡ್‌ಫೋನು ಹಾಕಿ ಕೂರುತ್ತಿದ್ದೆ, ಅಷ್ಟೆ.

ಕೊನೆಯ ಸಲ ತಿದ್ದಿ ಪೆನ್‌ಡ್ರೈವಿಗೆ ಹಾಕಬೇಕು ಎನ್ನುವಾಗ ಗೊತ್ತಿಲ್ಲದ ನಂಬರಿನಿಂದ ಒಂದು ಧ್ವನಿ ಸಂದೇಶ ಬಂತು. ಹಿಂದೆ ಇಂಜಿನಿನ ಸದ್ದು. ಹುಡುಗಿಯ ತಂದೆ.

"ಅಣ್ಣಾ, ನಿಮ್ಮ ನಂಬರ್ ಲೈವಿನ ಕೆಳಗೆ ಇತ್ತು. ನಾನು ನೋಡ್ತಾ ಇದ್ದೆ. ಅವಳು ಎದ್ದದ್ದು ಕಂಡಿತು, ಮತ್ತೆ ಸೌಂಡ್ ಹೋಯ್ತು, ಬರೀ ಆಲ್ತಾರ್ ಕಂಡಿತು. ನಮ್ಮ ಅಣ್ಣ ಹೇಳ್ತಾನೆ, ಅವಳು ದೇವರಿಗೆ ಕೈ ತೋರ್ಸಿ ಬೈದಳಂತೆ. ಇನ್ನೂ ಹಾಗೇ ಇದ್ದಾಳಂತೆ. ತಾಯಿ ಮನೆಗೆ ಬಿಟ್ಟು ಬರುವ, ಇಲ್ಲಿ ಇಟ್ಕೊಂಡ್ರೆ ಆಗ್ಲಿಕ್ಕಿಲ್ಲ ಅಂತಾನೆ. ಅವಳು ನನ್ನ ಫೋನ್ ತೆಗಿಯುದಿಲ್ಲ. ನಾನು ಹೂಂ ಹೇಳುದಾ, ಬೇಡ್ವಾ? ಅವಳು ಎಂತ ಹೇಳಿದ್ದು ಅಣ್ಣಾ? ಒಮ್ಮೆ ಹೇಳಿ."

ನಾನು ಅದನ್ನು ಮತ್ತೊಮ್ಮೆ ಕೇಳಿಸಿಕೊಂಡೆ. ಇಡೀ ಲೈವ್ ಮಾಡಿದ್ದೇ ಈ ಒಬ್ಬರಿಗಾಗಿ. ಊರಿನವರಿಗೆಲ್ಲ ಕೇಳಿದ ಮಾತು ಇವರೊಬ್ಬರಿಗೆ ಕೇಳಲಿಲ್ಲ. ಈಗ ಅದರ ಜಾಗದಲ್ಲಿ ಬೇರೆ ಮಾತು ಕೂತಿದೆ, ಅದನ್ನು ನಂಬಿ ಹೆಂಡತಿಯನ್ನು ಮನೆಯಿಂದ ಕಳಿಸಲು ಒಪ್ಪಿಗೆ ಕೊಡಲು ಹೊರಟಿದ್ದಾರೆ. ಕೂಡಲೇ ರೆಕಾರ್ಡಿಂಗ್ ಕಳಿಸಿಬಿಡೋಣವೆಂದು ಕಂಡಿತು. ಆದರೆ ಕೆಲಸ ಕೊಟ್ಟವರು ಪೊರ್ಬುಗಳು, ಮಾತು ಬಾಯಿಯದ್ದು. ಬಾಯಿಯನ್ನು ಕೇಳದೆ ಅವರ ಮಾತನ್ನು ಒಮ್ಮೆ ಕತ್ತರಿಸಿ ಆಗಿದೆ, ಕೇಳದೆ ಹಂಚುವುದು ಬೇರೆ ಬೇಡವೆಂದು ಬೈಕು ಹತ್ತಿ ಬಜಪೆಗೆ ಹೋದೆ.

ಮನೆಯಲ್ಲಿ ಡ್ರಿಲ್ಲಿನ ಸದ್ದು. ಕಿಟಕಿಗಳಿಗೆಲ್ಲ ಸೊಳ್ಳೆ ಬಲೆ ಹೊಡೆಸುತ್ತಿದ್ದರು. ಬಾಯಿ ಜಗಲಿಯಲ್ಲೇ ಕುರ್ಚಿ ಹಾಕಿ ಕೂರಿಸಿದರು. ಪಕ್ಕದಲ್ಲಿ, ಪಾಗಾರದ ಗೋಡೆಯ ಆಚೆ ಅರ್ಧ ಕಟ್ಟಿದ ಫ್ಲ್ಯಾಟಿನ ಕಟ್ಟಡ. ಕೆಳಗೆ ವಾಹನ ನಿಲ್ಲಿಸಲು ಅಗೆದ ನೆಲಮಾಳಿಗೆಯಲ್ಲಿ ಎದೆ ಮಟ್ಟ ಕಪ್ಪು ನೀರು. ಅದರಲ್ಲಿ ಹಲಗೆ, ಥರ್ಮಾಕೋಲು, ಸಿಮೆಂಟಿನ ಖಾಲಿ ಚೀಲ ತೇಲುತ್ತಿದ್ದವು.

"ಭಾವಂದು," ಎಂದರು ಬಾಯಿ, ನಾನು ಅತ್ತ ನೋಡಿದ್ದನ್ನು ಕಂಡು. ಗಂಡನ ಅಣ್ಣನದ್ದು, ಅಂದರೆ ನಮ್ಮ ಪೊರ್ಬುಗಳದ್ದು. "ಮಳೆ ಸುರುವಾದಾಗಿಂದ ಹೇಳ್ತಾ ಇದ್ದೇನೆ, ಪಂಪ್ ಇಡ್ಸಿ ಅಂತ. ಆಶಾದವಳೂ ಬಂದು ಹೇಳಿ ಹೋದಳು. ಇಂದು ಖಾಲಿ ಮಾಡಿದ್ರೆ ನಾಳೆ ತುಂಬ್ತದೆ, ಮಳೆಗಾಲ ಮುಗೀಲಿ ಅಂದ್ರು. ಮಳೆಗಾಲ ಮುಗೀಲಿಲ್ಲ."

ಆ ನೀರಿನ ಮೇಲೆ ಸೊಳ್ಳೆಗಳು ಮುತ್ತಿಕೊಂಡಿದ್ದವು. ನಾನು ಅವರ ಗಂಡನ ಸಂದೇಶ ಕೇಳಿಸಿದೆ. ಕೇಳಿ ಮುಗಿಯುವ ತನಕ ಬಾಯಿ ಕಪ್ಪು ನೀರನ್ನೇ ನೋಡುತ್ತಿದ್ದರು.

"ನೀವು ಯಾಕೆ ಕಟ್ ಮಾಡಿದ್ದು?"

"ಅಳು ಜೋರಾದ್ರೆ ಕಟ್ ಮಾಡುದು ನಮ್ಮ ಕ್ರಮ, ಬಾಯಿ."

"ನಾನು ಅಳ್ತಾ ಇರ್ಲಿಲ್ಲ."

ನಿಜ, ಅಳುತ್ತಿರಲಿಲ್ಲ. ಎದ್ದು ನಿಂತ ಹೆಂಗಸು ಅಳುತ್ತಾಳೆಂದೇ ಬೆರಳು ತೀರ್ಮಾನ ಮಾಡಿತ್ತು. ಕೊನೆಗೆ, ನೀವೇ ಯಾಕೆ ಅವರಿಗೆ ಫೋನಿನಲ್ಲಿ ಹೇಳಬಾರದು ಎಂದು ಕೇಳಿದೆ.

"ಅವರು ಸುರುವಿಗೇ ದೇವರ ಚಿತ್ತ ಅಂತಾರೆ. ಅದು ಕೇಳಿದ ಕೂಡ್ಲೇ ನನಗೆ ಫೋನು ಕುಟ್ಟಿ ಹಾಕುವ ಅಂತ ಆಗ್ತದೆ," ಎಂದರು. "ನಾನು ದೇವರನ್ನು ಬೈದದ್ದು ಅಂತಾರಲ್ಲ ಎಲ್ರೂ. ನಾನು ಎಲ್ಲಿ ಬೈದೆ? ಬೈದದ್ದು ಅವರು. ಅವನಿಗೆ ಮಗು ಬೇಕಿತ್ತು, ಅದಕ್ಕೆ ರಕ್ತ ಕಾರ್ಸಿ ಕೊಂದ ಅಂದ್ರೆ ಅದು ಬೈಗುಳ ಅಲ್ವಾ? ಆಸ್ಪತ್ರೆಯಲ್ಲಿ ಅವಳು ಹಾಗೆ ನರಳುವಾಗ ನನ್ನ ಹತ್ರ ಅವನೊಬ್ಬನೇ ಇದ್ದದ್ದು. ಈಗ್ಲೂ ಅವನೊಬ್ಬನೇ. ಅವನನ್ನೂ ಕೊಲೆಗಾರ ಮಾಡಿ ಇಟ್ರೆ ನಾನು ಮತ್ತೆ ಯಾರ ಹತ್ರ ಹೋಗುದು?"

ಡ್ರಿಲ್ಲಿನವನು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ಬಾಯಿ ಅವನಿಗೆ ಕೈ ಸನ್ನೆ ಮಾಡಿ ಮುಂದುವರಿಸಲು ಹೇಳಿದರು.

"ಅವನು ಯಾಕೆ ತಪ್ಪಿಸ್ಲಿಲ್ಲ ಅಂತ ನನಗೂ ಗೊತ್ತಿಲ್ಲ. ಅದು ನಾನು ಅವನ ಹತ್ರವೇ ಕೇಳ್ತೇನೆ, ದಿನಾ ಕೇಳ್ತೇನೆ. ಆದ್ರೆ ನೀರು ನಿಲ್ಸಿದ್ದು ಅವನಲ್ಲ."

ಕಳಿಸಬಹುದಾ ಎಂದು ಕೇಳಿದೆ.

"ಕಳ್ಸಿ. ಫಾದರ್ ಹೇಳಿದ್ದೂ ಇರ್ಲಿ. ಅದು ಇಲ್ದಿದ್ರೆ ನಾನು ಸುಮ್ಮನೆ ಎದ್ದು ಬೊಬ್ಬೆ ಹಾಕಿದ ಹಾಗೆ ಕಾಣ್ತದೆ."

ಮರುದಿನ ಪೊರ್ಬುಗಳು ಪೆನ್‌ಡ್ರೈವ್ ಕೊಂಡುಹೋಗಲು ಪಡೀಲಿನ ನನ್ನ ಸ್ಟುಡಿಯೋಗೆ ಬಂದರು. ಅವರ ಬೆನ್ನ ಹಿಂದೆ ಕಳಿಸಿ ಕೂರುವುದು ನನಗೆ ಸರಿ ಕಾಣಲಿಲ್ಲ. ಹೇಳಿಬಿಟ್ಟೆ: ನೀವು ಕೇಳಿದ್ದು ಇದರಲ್ಲಿದೆ, ದಳ ಉದುರುವುದೂ ಇದೆ, ಆದರೆ ನಿಮ್ಮ ತಮ್ಮನಿಗೆ ನಾನು ಒಂದನ್ನೂ ತೆಗೆಯದೆ ಪೂರ್ತಿ ಕಳಿಸುತ್ತಿದ್ದೇನೆ.

ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಯಾರು ಹೇಳಿದ್ದು ನಿಮಗೆ? ನಮ್ಮ ಮನೆ ವಿಷಯ ಅದು. ನಿಮಗೆ ಕೆಲಸ ಕೊಟ್ಟದ್ದು ನಾನು."

"ಒಂದು ಚೂರೂ ಕಟ್ ಆಗ್ಬಾರ್ದು ಅಂತ ಹೇಳಿದ್ದೂ ನೀವೇ ಅಲ್ವಾ ಪೊರ್ಬುಲೆ? ಕಟ್ ಆದದ್ದು ನನ್ನಿಂದ, ಸರಿ ಮಾಡ್ತೇನೆ. ನೀವು ಅವರಿಗೆ ಎಂತೆಲ್ಲ ಹೇಳಿದ್ದೀರಿ! ಆ ಹೆಂಗಸು ದೇವರಿಗೆ ಬೈದರಾ? ನೀವು ಅಲ್ಲೇ ಇದ್ದಿರಲ್ಲ, ನಿಮಗೆ ಕೇಳ್ಲಿಲ್ವಾ?" ನನ್ನ ಧ್ವನಿ ಏರಿತ್ತು. ಇಷ್ಟು ದಿನದ ಪಾರಿವಾಳ, ಹೂವು ಎಲ್ಲ ಒಟ್ಟಿಗೆ ಹೊರಬಂತು.

ಅವರೂ ಜಗಳಕ್ಕೆ ನಿಲ್ಲುತ್ತಾರೆಂದುಕೊಂಡಿದ್ದೆ. ಅವರು ಕೂತರು.

"ಕೇಳಿತ್ತು," ಎಂದರು. "ತಮ್ಮ ಯಾವಾಗ್ಲೂ ಹಡಗಿನಲ್ಲಿ. ಅವಳನ್ನು ದಿನಾ ಶಾಲೆಗೆ ಬಿಡುದು ನಾನು, ಕರ್ಕೊಂಡು ಬರುದು ನಾನು. ಪ್ಲೇಟ್ಲೆಟಿಗೆ ಬ್ಲಡ್ ಬ್ಯಾಂಕಿನಿಂದ ಬ್ಲಡ್ ಬ್ಯಾಂಕಿಗೆ ಓಡಿದ್ದು ನಾನು. ನನಗೆ ಮಕ್ಕಳಿಲ್ಲ, ಗೊತ್ತುಂಟಾ ನಿಮಗೆ?" ಕರವಸ್ತ್ರ ತೆಗೆದವರು ಅದನ್ನು ಕೈಯಲ್ಲೇ ಮುದ್ದೆ ಮಾಡಿ ಹಿಡಿದುಕೊಂಡರು. "ದೇವರು ತೆಗೊಂಡದ್ದು ಅಂತ ಇದ್ರೆ ನಾನು ಹೇಗಾದ್ರೂ ಬದುಕ್ತೇನೆ. ಅವನಲ್ಲ ಅಂತಾದ್ರೆ ನಾನು ಎಲ್ಲಿಗೆ ಹೋಗ್ಲಿ, ನೀವೇ ಹೇಳಿ."

ಇಷ್ಟು ದಿನ ಈ ಮನುಷ್ಯನ ಮೇಲೆ ಕುದಿಯುತ್ತಿದ್ದ ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಸಿಟ್ಟೂ ಇತ್ತು, ಅಯ್ಯೋ ಎಂದೂ ಅನಿಸಿತು, ಎರಡೂ ಒಂದಕ್ಕೊಂದು ಬಿಟ್ಟುಕೊಡಲಿಲ್ಲ. ಬಾಯಿಯೂ ಇವರೂ ಒಂದೇ ಪ್ರಶ್ನೆ ಕೇಳಿದ್ದರು: ನಾನು ಎಲ್ಲಿಗೆ ಹೋಗಲಿ. ಒಬ್ಬರಿಗೆ ಜಾಗ ಸಿಗಬೇಕಾದರೆ ಇನ್ನೊಬ್ಬರದ್ದು ಹೋಗಬೇಕು. ಹಾಗೆಂದು ತಪ್ಪು ಮಾಡದ ಹೆಂಗಸನ್ನು ಹುಚ್ಚಿ ಎಂದು ತಾಯಿ ಮನೆಗೆ ಸಾಗಹಾಕಲು ಬಿಡುವುದೇ? ನಾನು ಕಂಪ್ಯೂಟರಿನತ್ತ ತಿರುಗಿ, ಪ್ರವಚನದಿಂದ ಪ್ರಾರ್ಥನೆಯವರೆಗಿನ ಭಾಗವನ್ನು ಹೂವು, ಹಾಡು ಏನೂ ಇಲ್ಲದೆ, ಗುಂಯ್ ಎನ್ನುವ ಸದ್ದಿನ ಸಮೇತ ತೆಗೆದು, ಅವರೆದುರೇ ಹಡಗಿಗೆ ಕಳಿಸಿದೆ. ಅವರು ತಡೆಯಲಿಲ್ಲ. ಪೆನ್‌ಡ್ರೈವನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.

ಹಡಗಿನಿಂದ ನನಗೆ ಉತ್ತರವೇನೂ ಬರಲಿಲ್ಲ. ನೋಡಿದ ಗುರುತು ಮಾತ್ರ ಬಂತು. ಇದ್ದ ಮನೆಯನ್ನೂ ಒಡೆದು ಹಾಕಿದೆನೋ ಎಂಬ ಹೆದರಿಕೆಯಲ್ಲಿ ಬೇರೆ ಕೆಲಸಗಳನ್ನು ಮುಗಿಸುತ್ತಿದ್ದೆ. ಒಂದು ಮದುವೆಗೆ ಪಾರಿವಾಳ ಹಾಕುವಾಗ ಕೈ ಓಡಲೇ ಇಲ್ಲ.

ತಿಂಗಳು ತುಂಬುವ ಹೊತ್ತಿಗೆ ಫೋನು ಬಂತು. ಬಾಯಿ. "ತಿಂಗಳ ಪೂಜೆ ಇಗರ್ಜಿಯಲ್ಲಿ ಆಗ್ತದೆ. ಮತ್ತೆ ಮನೆಯಲ್ಲಿ ಚಿಕ್ಕ ಪ್ರಾರ್ಥನೆ. ಇವರು ಬಂದಿದ್ದಾರೆ. ಮನೆಯದ್ದು ಮಾತ್ರ ರೆಕಾರ್ಡ್ ಮಾಡಿ ಸಾಕು, ಲೈವ್ ಬೇಡ."

ಹೋದೆ. ಬಾಗಿಲಲ್ಲಿ ಹುಡುಗಿಯ ತಂದೆ ನನ್ನ ಎರಡೂ ಕೈ ಹಿಡಿದುಕೊಂಡರು. ಜಗಲಿಯಲ್ಲಿ ನೆಂಟರು, ಮಧ್ಯದ ಕುರ್ಚಿಯಲ್ಲಿ ವಿಗಾರ್ ಫಾದರ್. ಮೈಕು ಇಟ್ಟು ಹೆಡ್‌ಫೋನು ಹಾಕಿದರೆ ಕಿವಿ ಒಡೆಯುವ ಸದ್ದು. ಪಕ್ಕದ ಕಟ್ಟಡದಲ್ಲಿ ಡೀಸೆಲ್ ಪಂಪು ಬಡಿದುಕೊಳ್ಳುತ್ತಿತ್ತು. ಇದರಲ್ಲಿ ಏನು ರೆಕಾರ್ಡ್ ಮಾಡುವುದು, ಮಣ್ಣು? ನಿಲ್ಲಿಸಲು ಹೇಳೋಣವೆಂದು ಪಾಗಾರ ಸುತ್ತಿಕೊಂಡು ಹೋದೆ.

ಪೊರ್ಬುಗಳು ಅಲ್ಲೇ ಇದ್ದರು. ಪೂಜೆಗೆ ಹಾಕಿದ್ದ ಬಿಳಿ ಅಂಗಿಯಲ್ಲೇ ಇದ್ದರು, ಪ್ಯಾಂಟನ್ನು ಮೊಣಕಾಲಿಗೆ ಮಡಚಿದ್ದರು, ಕಾಲೆಲ್ಲ ಕೆಸರು. ಪೈಪಿನ ಬಾಯಿಗೆ ಸಿಕ್ಕಿದ ಚೀಲದ ಚಿಂದಿಯನ್ನು ಕೈಯಿಂದ ಎಳೆದು ತೆಗೆಯುತ್ತಿದ್ದರು. ಕೆಲಸದವರು ಯಾರೂ ಇರಲಿಲ್ಲ.

"ಸ್ವಲ್ಪ ಹೊತ್ತು ಬಂದ್ ಮಾಡಿ ಪೊರ್ಬುಲೆ, ಪ್ರಾರ್ಥನೆ ಸುರುವಾಗ್ತದೆ!" ಎಂದು ಕೂಗಿದೆ.

ಅವರು ತಲೆ ಎತ್ತಿದರು. "ಬಂದ್ ಮಾಡಿದ್ರೆ ಪುನಃ ತುಂಬ್ತದೆ."

"ಎಂತದೂ ಕೇಳ್ಲಿಕ್ಕಿಲ್ಲ ಮತ್ತೆ!"

"ಕೇಳದಿದ್ರೂ ಅಡ್ಡಿಲ್ಲ," ಎಂದು ಮತ್ತೆ ಪೈಪಿಗೆ ಬಗ್ಗಿದರು.

ಜಗಲಿಗೆ ವಾಪಸು ಬಂದು ಆಗುವುದಿಲ್ಲವಂತೆ ಎಂದು ಸಿಡುಕಿನಿಂದಲೇ ಹೇಳಿದೆ. ನೆಂಟರು ಮುಖ ಮುಖ ನೋಡಿಕೊಂಡರು. ತಂದೆ ತಲೆ ತಗ್ಗಿಸಿ ಕೂತಿದ್ದರು. ಫಾದರ್ ಬಾಯಿಯನ್ನು ನೋಡಿ, "ಅವರು ಬರುವವರೆಗೆ ಕಾಯುವನಾ?" ಎಂದು ಕೇಳಿದರು.

ಬಾಯಿ ಪಾಗಾರದ ಕಡೆ ನೋಡಿದರು. ಅವರ ಮುಖ ಮೆತ್ತಗಾಗಿರಲಿಲ್ಲ, ಧ್ವನಿಯೂ ಮೆತ್ತಗಿರಲಿಲ್ಲ.

"ಬೇಡ ಫಾದರ್, ನೀವು ಸುರು ಮಾಡಿ," ಎಂದರು. "ಭಾವನ ಪ್ರಾರ್ಥನೆ ಅಲ್ಲಿ ಆಗ್ತಾ ಉಂಟು."